ಜೀಪು ಮಾರಿ ಗಲ್ಫಿಗೆ ಹೋದವನು

ಹೊರದೇಶದಲ್ಲಿ ಇದ್ದು ಬಂದವನನ್ನು ಯಾದಗಿರಿಯ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಸೆಂಟಿನ ಬಾಟಲಿ ತಂದಿದ್ದೀರಾ? ಅಲ್ಲಿದ್ದಾಗ ಊರಿನ ಯಾವುದು ಬಹಳ ನೆನಪಾಗುತ್ತಿತ್ತು? ಎರಡನೆಯದಕ್ಕೆ ಮಣ್ಣಿನ ವಾಸನೆ ಎಂದು ಉತ್ತರ ಕೊಡುವುದು ವಾಡಿಕೆ. ನಾನು ಆರು ವರ್ಷ ಗಲ್ಫಿನ ಒಂದು ಊರಿನಲ್ಲಿದ್ದೆ. ಮಣ್ಣಿನ ವಾಸನೆಗಾಗಿ ಕೊರಗಿದವನನ್ನು ಒಬ್ಬನನ್ನೂ ಕಾಣಲಿಲ್ಲ. ಜನ ನೆನೆಯುವುದೇ ಬೇರೆ. ಅದರಿಂದ ವಾರಕ್ಕೊಂದು ಪ್ರಸಂಗ ಆಗುತ್ತಲೇ ಇತ್ತು.

ಕೋಣೆಯಲ್ಲಿ ನಾವು ಮೂವರು. ನಾನು ಅರ್ಥಶಾಸ್ತ್ರದ ಎಂ.ಎ.; ಪೈಪು ಕಂಪನಿಯೊಂದರ ಸ್ಟೋರಿನಲ್ಲಿ ನಟ್ಟು ಬೋಲ್ಟು ಕಾಯುತ್ತಿದ್ದೆ. ಎರಡನೆಯವರು ಸುರಪುರದ ಚಾಚಾ, ಅದೇ ಕಂಪನಿಯ ಮೆಸ್ಸಿನಲ್ಲಿ ಇನ್ನೂರು ಜನಕ್ಕೆ ಅಡುಗೆ ಮಾಡುವವರು. ಮೂರನೆಯವನು ಶಹಾಪುರದ ಡ್ರೈವರ್. ಊರಲ್ಲಿ ಹನ್ನೆರಡು ವರ್ಷ ಶಹಾಪುರಕ್ಕೂ ಸುರಪುರಕ್ಕೂ ನಡುವೆ ಕ್ರೂಸರ್ ಜೀಪಿನಲ್ಲಿ ಜನರನ್ನು, ಅವನ ಮಾತಿನಲ್ಲಿ ಸವಾರಿಗಳನ್ನು, ತುಂಬಿಕೊಂಡು ಓಡಾಡಿದವನು. ಆ ಜೀಪನ್ನು ಸಡ್ಡಕನಿಗೆ, ಅಂದರೆ ಹೆಂಡತಿಯ ತಂಗಿಯ ಗಂಡನಿಗೆ, ಮಾರಿ ಗಲ್ಫಿಗೆ ಬಂದಿದ್ದ. ಬಂದ ಮೇಲೆ ತಿಳಿಯಿತು, ನಮ್ಮ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ, ಹೊಸದಾಗಿ ಪರೀಕ್ಷೆ ಕೊಡಬೇಕು. ಕಂಪನಿಯ ನಿಯಮ ಸರಳವಾಗಿತ್ತು. ಮೂರು ಅವಕಾಶ. ಮೂರರಲ್ಲೂ ಫೇಲಾದರೆ ಟಿಕೆಟ್ ಕೊಟ್ಟು ಊರಿಗೆ.

"ಊರಿಗೆ ಹೋದ್ರ ನನ್ನ ಜೀಪಿಗೆ ನಾನೇ ಕ್ಲೀನರ್ ಆಗಬೇಕ್ರಿ ಸಾಹೇಬ್ರ," ಎನ್ನುತ್ತಿದ್ದ. "ಸ್ಟೇರಿಂಗ್ ಮುಂದ ಸಡ್ಡಕ, ಬಾಗಲದಾಗ ಜೋತಾಡ್ಕೋತ ನಾ. ಹಬ್ಬಕ್ಕ ಅತ್ತಿ ಮನಿಗೆ ಹೆಂಗ ಹೋಗ್ಲಿ?"

ಲೈಸೆನ್ಸ್ ಬರುವ ತನಕ ಅವನು ನನ್ನ ಸ್ಟೋರಿನಲ್ಲಿ ಪೈಪು ಹೊರುತ್ತಿದ್ದ. ಆದರೂ ಅವನನ್ನು ಡ್ರೈವರ್ ಎಂದೇ ಕರೆಯುತ್ತಿದ್ದೆವು. ಹಾಗೆ ಕರೆಯದಿದ್ದರೆ ತಿರುಗಿ ನೋಡುತ್ತಿರಲಿಲ್ಲ.

ಬಿಸಿಲು

ಮೇ ತಿಂಗಳು. ಹೊರಗೆ ಕಾಲಿಟ್ಟರೆ ಚಪ್ಪಲಿ ಮೆತ್ತಗಾಗುತ್ತಿತ್ತು. ಚಾಚಾ ಮೆಸ್ಸಿನಿಂದ ಬಂದು ಮುಖ ಒರೆಸಿಕೊಂಡು ನಿಟ್ಟುಸಿರು ಬಿಟ್ಟರು.

"ನಮ್ಮ ಸುರಪುರದ ಬಿಸಲು ನೆನಪಾಗ್ತದ್ರಿ."

ಬಿಸಿಲಿನಲ್ಲಿ ನಿಂತು ಬಿಸಿಲನ್ನು ನೆನೆಯುವುದು ನನಗೆ ಹೊಸದು. ಇಲ್ಲಿರುವುದು ಏನು ಎಂದು ಕೇಳಿದೆ.

"ಇದು ಬಿಸಲೇನ್ರಿ? ಇದು ಬರೇ ಸೆಕಿ. ನಮ್ಮ ಬಿಸಲಿಗೆ ಒಂದು ಖದರ್ ಅದ. ಗುಡ್ಡದ ಬಂಡಿಗಲ್ಲು ಕಾದು, ಅದರ ಝಳ ಬಂದು ಕೆನ್ನಿಗೆ ಬಡಿಬೇಕು."

ಡ್ರೈವರ್ ಸುಮ್ಮನಿರಲಿಲ್ಲ. "ಬಂಡಿ ನಿಮ್ಮೂರಾಗಷ್ಟೇ ಅವೇನ್ರಿ ಚಾಚಾ? ಶಹಾಪುರದ ಗುಡ್ಡದ ಮುಂದ ನಿಮ್ಮ ಬಿಸಲು ನೆಳ್ಳಿದ್ದಂಗ."

ಮಾತಿಗೆ ಮಾತು ಬೆಳೆಯಿತು. ಒಬ್ಬರ ಊರಲ್ಲಿ ಬಿಸಿಲಿಗೆ ಕಾಗೆ ಸತ್ತು ಬಿದ್ದಿತ್ತು, ಇನ್ನೊಬ್ಬನ ಊರಲ್ಲಿ ಎಮ್ಮೆಯೇ ಬಿದ್ದಿತ್ತು. ಅರ್ಧ ಗಂಟೆ ಕೇಳಿ ಸಾಕಾಗಿ ಫೋನಿನಲ್ಲಿ ಹವಾಮಾನ ತೆಗೆದು ತೋರಿಸಿದೆ. ಆ ದಿನ ಎರಡೂ ಊರಿಗೆ ಒಂದೇ ಅಂಕಿ.

ಇಬ್ಬರೂ ಬಗ್ಗಿ ನೋಡಿದರು. ಅಂದು ಮೊದಲ ಸಲ ಅವರಿಬ್ಬರೂ ಒಂದು ಮಾತನ್ನು ಒಪ್ಪಿಕೊಂಡರು: ನನ್ನ ಫೋನ್ ಕೆಟ್ಟಿದೆ.

ಹಾರ್ನು

ಮೊದಲ ಪರೀಕ್ಷೆಗೆ ಡ್ರೈವರ್ ಹಣೆಗೆ ವಿಭೂತಿ ಹಚ್ಚಿಕೊಂಡು ಹೋದ. ಹನ್ನೆರಡು ವರ್ಷ ಜೀಪು ಹೊಡೆದವನಿಗೆ ಇದೇನು ದೊಡ್ಡದು ಎಂದು ನಾನೂ ತಿಳಿದಿದ್ದೆ. ಮಧ್ಯಾಹ್ನದೊಳಗೆ ಫೇಲಾಗಿ ಬಂದ.

"ಏನಾತೋ?"

"ಹಾರ್ನ್ ಹೊಡದೆ ಅಂತ ಫೇಲ್ ಮಾಡಿದ್ರಿ."

"ಎಷ್ಟು ಸಲ ಹೊಡದಿ?"

"ಹೊಡಿಯದ ಬಿಟ್ಟದ್ದು ಎಷ್ಟು ಸಲ ಅಂತ ಕೇಳ್ರಿ, ಅದನ್ನರ ಹೇಳಬಹುದು."

ಪಕ್ಕದಲ್ಲಿ ಕೂತಿದ್ದ ಅಧಿಕಾರಿಗೆ ಅಲ್ಲಿನ ಮುರುಕು ಹಿಂದಿ ಬರುತ್ತಿತ್ತು. ರಸ್ತೆ ಖಾಲಿ ಇದೆಯಲ್ಲ, ಹಾರ್ನ್ ಯಾಕೆ ಎಂದು ಆತ ಕೇಳಿದನಂತೆ. ಖಾಲಿ ಇದೆ ಅಂತಲೇ ಹೊಡೆದೆ, ಮಂದಿ ಇದ್ದರೆ ಕೂಗಿಯೇ ಹೇಳುತ್ತಿದ್ದೆ ಎಂದು ನಮ್ಮವನು ಉತ್ತರ ಕೊಟ್ಟನಂತೆ.

"ಅಲ್ರಿ ಸಾಹೇಬ್ರ, ಹಾರ್ನ್ ಹೊಡಿಲಿಲ್ಲಂದ್ರ ಗಾಡಿ ಬರಾಕತ್ತದ ಅಂತ ಮಂದಿಗೆ ಹೆಂಗ ಗೊತ್ತಾಗಬೇಕು?"

"ಕಣ್ಣಿಲೆ ನೋಡ್ತಾರ," ಎಂದೆ.

ಡ್ರೈವರ್ ನನ್ನ ಎಂ.ಎ.ಯನ್ನು ಮೇಲಿನಿಂದ ಕೆಳಗೆ ನೋಡಿದ. "ಮಂದಿ ಕಣ್ಣು ನಂಬಿ ಗಾಡಿ ಹೊಡಿಯಾಕ ಆಗ್ತದೇನ್ರಿ?"

ರೊಟ್ಟಿ

ಫೇಲಾಗಲು ನಿಜವಾದ ಕಾರಣ ಖುಬ್ಬೂಸ್ ಎಂದು ಡ್ರೈವರ್ ಎರಡು ದಿನ ಯೋಚಿಸಿ ತೀರ್ಮಾನಿಸಿದ. ಖುಬ್ಬೂಸ್ ಎಂದರೆ ಅಲ್ಲಿ ಎಲ್ಲೆಡೆ ಸಿಗುವ ಮೈದಾದ ರೊಟ್ಟಿ. ಹೊಟ್ಟೆಯಲ್ಲಿ ಜೋಳವಿಲ್ಲದಿದ್ದರೆ ಕಾಲಿಗೆ ಬ್ರೇಕಿನ ಅಂದಾಜು ಸಿಗುವುದಿಲ್ಲ ಎಂಬುದು ಅವನ ಸಿದ್ಧಾಂತ. ನಾನು ವಾದಿಸಲಿಲ್ಲ. ಇದಕ್ಕಿಂತ ಸಡಿಲ ಆಧಾರದ ಮೇಲೆ ನಿಂತ ಪ್ರಬಂಧಗಳನ್ನು ವಿಶ್ವವಿದ್ಯಾಲಯದಲ್ಲಿ ನೋಡಿದ್ದೆ.

ಊರಿಗೆ ಹೋಗಿಬಂದ ಒಬ್ಬರ ಕೈಯಲ್ಲಿ ಜೋಳದ ಹಿಟ್ಟು ತರಿಸಿದೆವು. ಆಗ ಒಂದು ವಿಷಯ ಹೊರಬಿತ್ತು. ಇನ್ನೂರು ಜನಕ್ಕೆ ಬಿರಿಯಾನಿ ಇಳಿಸುವ ಚಾಚಾಗೆ ಒಂದು ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಮನೆಯಲ್ಲಿ ಯಾವತ್ತೂ ಚಾಚಿಯೇ ಬಡಿಯುತ್ತಿದ್ದರು. ಚಾಚಾ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಸುರಪುರಕ್ಕೆ ವಿಡಿಯೋ ಕಾಲ್ ಹಚ್ಚಿದರು.

"ಪಹೆಲೆ ಆಟಾ ಗೂಂದೋ ಜೀ, ಬಾತಾಂ ಬಾದ್ ಮೇ!" ಎಂದು ಚಾಚಿ ಶುರುಮಾಡಿದರು. ಮೊದಲು ಹಿಟ್ಟು ನಾದಿ, ಮಾತು ಆಮೇಲೆ. ನೀರು ಹೆಚ್ಚಾಯಿತು ಎಂದು ಒಮ್ಮೆ ಬೈದರು. ಕೈಯಲ್ಲಿ ಕಸುವಿಲ್ಲ ಎಂದು ಒಮ್ಮೆ. ಮೂವತ್ತು ವರ್ಷ ಕೂತು ತಿಂದಿದ್ದೀರಿ, ಒಂದು ದಿನವಾದರೂ ಕಣ್ಣೆತ್ತಿ ನೋಡಿದ್ದರೆ ಈ ಗತಿ ಬರುತ್ತಿತ್ತೇ ಎಂದು ಹಲವು ಸಲ. ರೊಟ್ಟಿ ಅಂಚು ಹರಿದು ಹೆಂಚಿನ ಮೇಲೆ ಎರಡಾಯಿತು. ಅದನ್ನೇ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು.

ಎರಡನೇ ದಿನವೂ ಹಾಗೆಯೇ. ಮೂರನೇ ದಿನವೂ. ನಾಲ್ಕನೇ ದಿನ ನಾನು ಬಂದಾಗ ಹಿಟ್ಟಿನ ಚೀಲ ಖಾಲಿಯಾಗಿತ್ತು, ಒಲೆ ಆರಿತ್ತು. ಚಾಚಾ ಮಾತ್ರ ಡಬ್ಬಿಗೆ ಫೋನ್ ಒರಗಿಸಿ ಕೈಕಟ್ಟಿ ಕೂತಿದ್ದರು. ಆ ಕಡೆಯಿಂದ ಚಾಚಿಯ ದನಿ ನಿಂತಿರಲಿಲ್ಲ.

"ಹಿಟ್ಟು ಮುಗದದಲ್ಲ ಚಾಚಾ?" ಎಂದೆ.

ಚಾಚಾ ನನಗೆ ಸುಮ್ಮನಿರು ಎಂದು ಸನ್ನೆ ಮಾಡಿದರು. "ಬೈಗುಳ ಇನ್ನ ಮುಗದಿಲ್ರಿ."

ಟವೆಲ್

ಎರಡನೇ ಪರೀಕ್ಷೆಗೆ ಡ್ರೈವರ್ ಮೂರು ದಿನ ಉಂಡ ಜೋಳವನ್ನು ನಂಬಿ, ಹಾರ್ನಿನ ಕಡೆ ಕೈ ಹಾಕುವುದಿಲ್ಲ ಎಂದು ಆಣೆ ಮಾಡಿ ಹೋದ. ಅಲ್ಲಿನ ಪದ್ಧತಿಯಲ್ಲಿ ಒಂದೇ ಕಾರಿನಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು, ಪಟ್ಟಿಯ ಪ್ರಕಾರ ಒಬ್ಬೊಬ್ಬರ ಕೈಗೆ ಸ್ಟೇರಿಂಗ್ ಕೊಡುತ್ತಾರೆ. ಇವನ ಹೆಸರು ಕೊನೆಗಿತ್ತು. ಕೊನೆಗೆ ಹೋಗುವಷ್ಟರಲ್ಲಿ ಅಧಿಕಾರಿಗೆ ಹಸಿವಾಗಿ ಸಿಟ್ಟು ಬಂದಿರುತ್ತದೆ ಎಂದು ಯಾರೋ ಹೇಳಿದ್ದರು.

ನಮ್ಮಲ್ಲಿ ಬಸ್ಸು ನಿಲ್ದಾಣಕ್ಕೆ ಬರುತ್ತಿದ್ದಂತೆ ಏನು ಮಾಡುತ್ತೇವೋ ಅದನ್ನೇ ಡ್ರೈವರ್ ಮಾಡಿದ. ಕಾರು ಅಂಗಳಕ್ಕೆ ಬಂದು ನಿಂತಿತು. ಇವನು ಓಡಿಹೋಗಿ ಕಿಟಕಿಯಿಂದ ಕೈ ತೂರಿಸಿ ಡ್ರೈವರ್ ಸೀಟಿನ ಮೇಲೆ ಟವೆಲ್ ಹಾಕಿದ. ಹಾಕಿ ನಿರಾಳವಾಗಿ ನೀರು ಕುಡಿಯಲು ಹೋದ.

ತಿರುಗಿ ಬಂದಾಗ ಪಟ್ಟಿಯ ಮೊದಲನೆಯವನು ಸೀಟಿನಲ್ಲಿ ಕೂತಿದ್ದ. ಟವೆಲ್ ಅಧಿಕಾರಿಯ ಕೈಯಲ್ಲಿತ್ತು.

"ಯಾರದಿದು?" ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದ.

"ನಂದ್ರಿ. ಸೀಟ್ ಹಿಡದೀನಿ. ಅವರಿಗೆ ಏಳಾಕ ಹೇಳ್ರಿ."

ಇದೇ ಅಧಿಕಾರಿ ಮೊದಲ ಸಲವೂ ಇವನನ್ನು ನೋಡಿದ್ದ. ಕನ್ನಡ ತಿಳಿಯದಿದ್ದರೂ ಮುಖ ತಿಳಿಯಿತು. ಏಳದ ಮನುಷ್ಯನ ತೋಳನ್ನು ನಮ್ಮವನು ಹಿಡಿದು ಎಳೆಯತೊಡಗಿದಾಗ ಉಳಿದದ್ದೂ ತಿಳಿಯಿತು. ಗಾಡಿ ಚಾಲೂ ಆಗುವ ಮೊದಲೇ ಡ್ರೈವರ್ ಫೇಲಾದ.

"ಟವೆಲ್ಲಿಗೆ ಮರ್ಯಾದಿ ಇಲ್ಲದ ದೇಶರಿ ಇದು," ಎಂದು ಬಂದು ಹೇಳಿದ. "ನಮ್ಮ ಕಡೆ ಎಂಥಾ ಪುಂಡ ಇದ್ರೂ ಟವೆಲ್ ನೋಡಿದ್ರ ನಿಂತೇ ಹೋಗ್ತಾನ."

ಸಡ್ಡಕ

ಎರಡು ಸಲ ಫೇಲಾದ ಸುದ್ದಿ ಡ್ರೈವರ್ ಊರಿನ ಯಾರಿಗೂ ಹೇಳಿರಲಿಲ್ಲ. ಹಾಗಾಗಿ ಶಹಾಪುರಕ್ಕೆ ಮೂರೇ ದಿನದಲ್ಲಿ ಮುಟ್ಟಿತು. ಶುಕ್ರವಾರ ಬೆಳಿಗ್ಗೆ ಸಡ್ಡಕ ವಿಡಿಯೋ ಕಾಲ್ ಮಾಡಿದ, ಜೀಪಿನ ಸ್ಟೇರಿಂಗ್ ಹಿಂದಿನಿಂದಲೇ.

"ಹೆಂಗದೀರಿ ಅಣ್ಣಾರ? ಮನಸಿಗೆ ಹಚ್ಕೋಬ್ಯಾಡ್ರಿ. ಬಂದುಬಿಡ್ರಿ. ನಮ್ಮ ಕ್ಲೀನರ್ ಕೆಲಸ ಬಿಟ್ಟಾನ. ಹೊರಗಿನವರನ್ನ ಯಾಕ ಇಡಬೇಕು ಅಂತ ಜಾಗ ಖಾಲಿ ಇಟ್ಟೀನಿ."

ಇಷ್ಟು ಮರ್ಯಾದೆಯಿಂದ ಚುಚ್ಚಬಲ್ಲವರು ಸಂಬಂಧಿಕರು ಮಾತ್ರ. ಡ್ರೈವರ್ ಹಲ್ಲು ಕಚ್ಚಿಕೊಂಡು, ಗಾಡಿ ತೋರಿಸು ಎಂದ. ಸಡ್ಡಕ ಫೋನನ್ನು ಹಿಂದಕ್ಕೆ ತಿರುಗಿಸಿದ. ಜೀಪಿನ ತುಂಬ ಜನ, ಬುಟ್ಟಿ, ಒಂದು ಆಡು. ಡ್ರೈವರ್ ಬೆರಳು ಮಾಡಿ ಎಣಿಸಿದ. ಕಣ್ಣಲ್ಲಿ ನೀರು ಬಂತು.

ಊರಿನ ಮುಖ ಕಂಡು ಕರಗಿದ್ದಾನೆ ಎಂದು ಚಾಚಾ ಹೆಗಲ ಮೇಲೆ ಕೈ ಇಟ್ಟರು. "ಸಮಾಧಾನ ಮಾಡ್ಕೋ ಬೇಟಾ."

"ಹದಿನಾಲ್ಕೇ ಮಂದಿ ಚಾಚಾ," ಎಂದ ಡ್ರೈವರ್. "ನನ್ನ ಕೈಯಾಗ ಇಪ್ಪತ್ತು ಕೂಡ್ತಿದ್ರು. ಗಾಡಿ ಸೊರಗಿಬಿಟ್ಟದ."

ಮೂರನೇ ಸಲ

ಇನ್ನು ಉಳಿದದ್ದು ಒಂದೇ ಅವಕಾಶ. ನಾನು ಎರಡು ವಾರ ಪಾಠ ಮಾಡಿದೆ. ಹಾರ್ನ್ ಇಲ್ಲ. ಟವೆಲ್ ಇಲ್ಲ. ಬೇರೆ ಗಾಡಿಯವನ ಜೊತೆ ಕಿಟಕಿಯಿಂದ ಮಾತಿಲ್ಲ. ಪರೀಕ್ಷೆಯ ಮುಂಜಾನೆ ಟವೆಲನ್ನು ಚಾಚಾ ತಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಇಬ್ಬರೂ ರಜೆ ಹಾಕಿ ಅವನ ಜೊತೆಗೇ ಹೋದೆವು.

ಅಂದು ಜನ ಕಡಿಮೆ. ಪಟ್ಟಿಯಲ್ಲಿ ಇವನೊಬ್ಬನೇ. ಅಧಿಕಾರಿ ಅದೇ ಮನುಷ್ಯ. ಇವನನ್ನು ಕಂಡು ಒಂದು ಸಲ ಆಕಾಶ ನೋಡಿದ. ಕಾರು ಗೇಟು ದಾಟಿ ಹೋಯಿತು. ಚಾಚಾ ತುಟಿ ಅಲುಗಿಸುತ್ತ ಪ್ರಾರ್ಥನೆ ಮಾಡತೊಡಗಿದರು. ನನಗೆ ಅದರಲ್ಲಿ ನಂಬಿಕೆ ಇಲ್ಲ. ಬೇಡ ಎಂದೂ ಹೇಳಲಿಲ್ಲ.

ಇಪ್ಪತ್ತು ನಿಮಿಷಕ್ಕೆ ಕಾರು ವಾಪಸ್ ಬಂತು. ಮೆಲ್ಲಗೆ, ಸದ್ದಿಲ್ಲದೆ, ಗೆರೆಯೊಳಗೆ ನೀಟಾಗಿ ನಿಂತಿತು. ಡ್ರೈವರ್ ಇಳಿದ. ಅಧಿಕಾರಿ ಇಳಿದ. ಆಮೇಲೆ ಹಿಂದಿನ ಬಾಗಿಲು ತೆರೆದು, ಉಳ್ಳಾಗಡ್ಡಿ ಚೀಲ ಹಿಡಿದುಕೊಂಡು ಮೂರನೆಯವನೊಬ್ಬ ಇಳಿದ.

ಹೋಗುವಾಗ ಇದ್ದವರು ಇಬ್ಬರೇ. ಚಾಚಾ ಪ್ರಾರ್ಥನೆ ನಿಲ್ಲಿಸಿದರು.

ಅಧಿಕಾರಿ ಕಾರನ್ನೊಮ್ಮೆ, ಆ ಮನುಷ್ಯನನ್ನೊಮ್ಮೆ ನೋಡಿದ. "ಯೇ ಕೌನ್?" ಎಂದು ಡ್ರೈವರನನ್ನು ಕೇಳಿದ.

"ಸವಾರಿ ಸಾಬ್," ಎಂದ ಡ್ರೈವರ್.

ನಡೆದದ್ದು ಇಷ್ಟು. ದಾರಿಯಲ್ಲಿ ಒಂದು ಕಡೆ ಕಟ್ಟಡ ಕೆಲಸದ ಮನುಷ್ಯನೊಬ್ಬ ರಸ್ತೆ ಅಂಚಿಗೆ ಚೀಲ ಹಿಡಿದು ನಿಂತಿದ್ದ. ರಸ್ತೆ ಅಂಚಿಗೆ ಚೀಲ ಹಿಡಿದು ನಿಂತವನನ್ನು ಬಿಟ್ಟು ಡ್ರೈವರ್ ಹನ್ನೆರಡು ವರ್ಷದಲ್ಲಿ ಒಂದು ದಿನವೂ ಮುಂದೆ ಹೋದವನಲ್ಲ. ಕಾಲು ತಾನಾಗಿಯೇ ಬ್ರೇಕ್ ಒತ್ತಿತು. ಅಲ್ಲಿ ರಸ್ತೆ ದಾಟುವವರ ಬಿಳಿ ಪಟ್ಟಿ ಇತ್ತು. ಇವನು ಅದನ್ನು ನೋಡಿರಲಿಲ್ಲ. ಅಧಿಕಾರಿ ನೋಡಿದ್ದ. ಪಾದಚಾರಿಗೆ ನಿಂತನಲ್ಲ ಎಂದು ಸಂತೋಷಪಟ್ಟು, ತಲೆ ತಗ್ಗಿಸಿ ಕಾಗದದಲ್ಲಿ ಗುರುತು ಹಾಕತೊಡಗಿದ. ಅಷ್ಟರಲ್ಲಿ ನಮ್ಮವನು ಹಿಂದಿನ ಸೀಟಿನ ಕಡೆ ಕತ್ತು ಅಲುಗಿಸಿದ್ದ. ಕಾರಿನ ತಲೆಯ ಮೇಲೆ ಬೋರ್ಡು ಇತ್ತು, ಟ್ಯಾಕ್ಸಿಗೂ ಇರುತ್ತದೆ. ಆ ಮನುಷ್ಯ ಹತ್ತಿ ಕೂತ. ಮುಂದೆ ಕೂತವರು ದೊಡ್ಡ ಗಿರಾಕಿ ಇರಬೇಕೆಂದು ಬಾಗಿಲನ್ನೂ ಮೆಲ್ಲಗೆ ಎಳೆದುಕೊಂಡ, ಉಸಿರೆತ್ತಲಿಲ್ಲ.

"ಪರೀಕ್ಷೆಯಲ್ಲಿ ಸವಾರಿಯೇ?" ಎಂದು ಅಧಿಕಾರಿ ಹಿಂದಿಯಲ್ಲಿ ಕಿರುಚಿದ.

ಡ್ರೈವರ್ ನನ್ನ ಕಡೆ ತಿರುಗಿದ. "ನೀವರ ಹೇಳ್ರಿ ಸಾಹೇಬ್ರ. ಅಷ್ಟು ಸೀಟ್ ಖಾಲಿ ಇಟ್ಕೊಂಡು ಗಾಡಿ ಹೆಂಗ ಹೊಡಿಬೇಕು?"

ಅಧಿಕಾರಿ ಫೇಲ್ ಮಾಡಲೆಂದೇ ಕಾಗದ ತೆಗೆದ. ಅದರಲ್ಲಿ ತಪ್ಪುಗಳ ಉದ್ದನೆಯ ಪಟ್ಟಿ ಇತ್ತು. ಬೆರಳಿಟ್ಟು ಮೇಲಿನಿಂದ ಓದಿದ. ವೇಗ, ಸರಿ. ಕನ್ನಡಿ, ಸರಿ. ಹಾರ್ನ್, ಇಲ್ಲ. ಪಾದಚಾರಿ, ಪೂರ್ತಿ ಅಂಕ. ಕೊನೆಯ ಸಾಲಿನವರೆಗೂ ಬಂದು ಕಾಗದ ತಿರುಗಿಸಿ ಹಿಂದೆಯೂ ನೋಡಿದ. ದಾರಿಯಲ್ಲಿ ಸವಾರಿ ಹತ್ತಿಸಿಕೊಳ್ಳುವುದಕ್ಕೆ ಕಲಂ ಇರಲಿಲ್ಲ. ಆ ದೇಶದಲ್ಲಿ ಅಂಥ ತಪ್ಪನ್ನು ಅಲ್ಲಿಯವರೆಗೆ ಯಾರೂ ಊಹಿಸಿರಲಿಲ್ಲ.

ಕೊನೆಗೆ ಪಾಸ್ ಎಂದು ಬರೆದು ಸಹಿ ಮಾಡಿದ.

ಚಾಚಾ ಎರಡೂ ಕೈ ಮೇಲೆತ್ತಿದರು. ನಮ್ಮವನು ಮಾತ್ರ ಕಾಗದವನ್ನು ಒಂದು ಕೈಯಲ್ಲಿ ಹಿಡಿದು, ಗೇಟಿನ ಕಡೆ ಹೊರಟಿದ್ದ ಸವಾರಿಯನ್ನು ಅಡ್ಡಗಟ್ಟಿ ಇನ್ನೊಂದು ಕೈ ಚಾಚಿದ್ದ.

"ಮೊದಲ್ನೇ ಬೋಣಿಗಿ ಅದರಿ. ಹಂಗ ಹೋಗಬ್ಯಾಡ್ರಿ, ಏನರ ಕೊಡ್ರಿ."

ಭಾಷೆ ತಿಳಿಯದಿದ್ದರೂ ಆ ಕೈ ಏನು ಎಂದು ಅವನಿಗೆ ತಿಳಿಯಿತು. ಚೀಲದಿಂದ ಒಂದು ಉಳ್ಳಾಗಡ್ಡಿ ತೆಗೆದುಕೊಟ್ಟ. ಡ್ರೈವರ್ ಅದನ್ನು ಕಣ್ಣಿಗೆ ಒತ್ತಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ.

ಅಧಿಕಾರಿ ಇದನ್ನೂ ನೋಡಿದ. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಇವನನ್ನು ಬೇಗ ಕರೆದುಕೊಂಡು ಹೋಗು. ಯಾರಾದರೂ ನೋಡಿದರೆ ಈ ಸಲ ಫೇಲಾಗುವವನು ನಾನು."