ಮಂಜೂರಾದ ಇಪ್ಪತ್ತು ಸೆಕೆಂಡು

ಮೇಲುಬೀದಿ ಕ್ಲಬ್ಬಿಗೂ ಕೆಳಬೀದಿ ಕ್ಲಬ್ಬಿಗೂ ನಡೆದ ಐತಿಹಾಸಿಕ ಫುಟ್‌ಬಾಲ್ ಕಪ್ ಫೈನಲ್ ಪಂದ್ಯವು ತೊಂಬತ್ತು ನಿಮಿಷ, ನಲವತ್ತೊಂದು ದಿನ ಹಾಗೂ ಇಪ್ಪತ್ತು ಸೆಕೆಂಡುಗಳಲ್ಲಿ ನಿಯಮಾನುಸಾರ ಮುಕ್ತಾಯಗೊಂಡಿತೆಂದು ಈ ಮೂಲಕ ತಿಳಿಯಪಡಿಸಲಾಗಿದೆ. ತಡವಾಯಿತೆಂದು ಕೆಲವರು ಆಡಿಕೊಳ್ಳುತ್ತಿದ್ದಾರೆ. ಫುಟ್‌ಬಾಲ್ ಒಕ್ಕೂಟದ ಹಿರಿಯ ಗುಮಾಸ್ತನಾಗಿ ನಾನು ಹೇಳುವುದಿಷ್ಟೆ: ತಡವಾದದ್ದು ಪಂದ್ಯ, ಕಚೇರಿಯಲ್ಲ.

ನಮ್ಮಲ್ಲಿ ಆಟದ ಸಮಯವನ್ನೂ ಕಾಗದ, ಪೆನ್ಸಿಲಿನ ಹಾಗೆ ಅರ್ಜಿ ಹಾಕಿಯೇ ಪಡೆಯಬೇಕು. ಫೈನಲ್ಲಿಗೆ ಮಂಜೂರಾದದ್ದು ತೊಂಬತ್ತು ನಿಮಿಷ. ಎರಡೂ ಕಡೆ ಒಂದೊಂದು ಗೋಲಾಗಿ, ತೊಂಬತ್ತನೆಯ ನಿಮಿಷದ ತುದಿಯಲ್ಲಿ ಮೇಲುಬೀದಿಗೆ ಪೆನಾಲ್ಟಿ ಸಿಕ್ಕಿತು. ಒದೆಯಬೇಕಾದವನು ಮೇಲುಬೀದಿಯ ಆಟಗಾರ, ಎಲ್ಲರ ಬಾಯಲ್ಲಿ ಎಡಗಾಲ. ತಡೆಯಬೇಕಾದವನು ಕೆಳಬೀದಿಯ ಗೋಲ್‌ಕೀಪರ್, ಎಲ್ಲರ ಬಾಯಲ್ಲಿ ಗೋಡೆ. ರೆಫರಿ ಚೆಂಡನ್ನು ಚುಕ್ಕೆಯ ಮೇಲಿಟ್ಟು ಗಡಿಯಾರ ನೋಡಿದರು.

"ಸ್ಟಾಕ್ ಮುಗೀತು," ಅಂದರು.

"ಒಂದೇ ಒಂದು ಒದೆ ಸಾರ್," ಅಂದ ಎಡಗಾಲ.

"ಅದಕ್ಕೆ ಇಪ್ಪತ್ತು ಸೆಕೆಂಡಾದ್ರೂ ಬೇಕಪ್ಪ. ಎಲ್ಲಿಂದ ತರ್ಲಿ, ನಮ್ಮನೆಯಿಂದಲಾ?"

ಹೆಚ್ಚುವರಿ ಸಮಯ ಮಂಜೂರಾಗುವವರೆಗೆ ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು ಎಂಬುದು ನಿಯಮ. ಆದ್ದರಿಂದ ಚೆಂಡು ಚುಕ್ಕೆಯ ಮೇಲೆ, ಎಡಗಾಲ ಚೆಂಡಿನ ಹಿಂದೆ, ಗೋಡೆ ಗೋಲಿನ ಮುಂದೆ ಉಳಿದರು. ಪ್ರೇಕ್ಷಕರು ಪಾಳಿಯ ಮೇಲೆ ಬಂದು ಕೂರತೊಡಗಿದರು. ನಾನು ಅರ್ಜಿಯನ್ನು ಅಂದೇ ಮೇಲಧಿಕಾರಿಗಳಿಗೆ ರವಾನಿಸಿದೆ.

ಇಲ್ಲಿ ಒಂದು ಖಾಸಗಿ ವಿಷಯ ಹೇಳಬೇಕು. ಗೋಡೆಗೆ ಒಬ್ಬ ತಂಗಿ, ಟೈಲರ್. ಎರಡು ಬೀದಿ ಕೂಡುವ ಮೂಲೆಯಲ್ಲಿ ಅವಳ ಅಂಗಡಿ. ಎರಡೂ ಕ್ಲಬ್ಬಿನ ಅಂಗಿ ಹೊಲಿಯುವವಳು ಅವಳೇ. ಒಂದೇ ಅಂಗಿಯ ಅಳತೆ ಕೊಡಲು ಎಡಗಾಲ ಒಂಬತ್ತು ಸಲ ಹೋದದ್ದರಿಂದ ವಿಷಯ ಅಣ್ಣನ ಕಿವಿಗೆ ಬಿತ್ತು. "ಫೈನಲ್ಲಲ್ಲಿ ನನ್ನ ದಾಟಿಸಿ ಒಂದು ಗೋಲು ಹೊಡಿ, ತಂಗೀನ ಕೊಡ್ತೀನಿ. ಇಲ್ಲಾಂದ್ರೆ ಅಂಗಡಿ ಕಡೆ ತಲೆ ಹಾಕ್ಬೇಡ," ಎಂದು ಗೋಡೆ ಎಲ್ಲರೆದುರು ಹೇಳಿಬಿಟ್ಟಿದ್ದ. ಮೇಲುಬೀದಿಯ ಮೊದಲ ಗೋಲು ಎಡಗಾಲನದಲ್ಲ. ಉಳಿದದ್ದು ಈ ಒಂದು ಒದೆ.

ಹತ್ತನೆಯ ದಿನ ಕಡತ ಷರಾ ಹೊತ್ತು ವಾಪಸು ಬಂತು: "ಹದಿನೈದು ಸೆಕೆಂಡಿನಲ್ಲಿ ಏಕಾಗದು?" ಹದಿನೆಂಟನೆಯ ದಿನ ಮೂವರು ಪರಿಶೀಲಕರು ಮೈದಾನಕ್ಕೇ ಬಂದರು.

"ಒದ್ದು ತೋರ್ಸಿ," ಅಂದರು ಹಿರಿಯರು.

"ಒದ್ರೆ ಪೆನಾಲ್ಟಿ ಮುಗಿದು ಹೋಗತ್ತಲ್ಲ ಸಾರ್."

"ಹಾಗಾದ್ರೆ ಒದೀದೆ ತೋರ್ಸಿ."

ಎಡಗಾಲ ನಿಂತಲ್ಲೇ ನಿಂತ. ಮೂವರೂ ತಲೆದೂಗಿ ಇಪ್ಪತ್ತೇ ಬೇಕೆಂದು ಬರೆದುಕೊಂಡರು. ಅಷ್ಟರಲ್ಲಿ ಹುಲ್ಲು ಮೊಣಕಾಲಿಗೆ ಬಂದಿತ್ತು. ಮೈದಾನದ ಮಾಲಿ ಚೆಂಡನ್ನು ಮುಟ್ಟದೆ, ಕ್ಷೌರಿಕ ಕಿವಿಯ ಸುತ್ತ ಕತ್ತರಿ ಆಡಿಸುವ ಹಾಗೆ, ಸುತ್ತಲೂ ಕತ್ತರಿಸಿ ಹೋದ.

ದಿನಾ ಮಧ್ಯಾಹ್ನ ತಂಗಿ ಇಬ್ಬರಿಗೂ ಊಟ ತರುತ್ತಿದ್ದಳು.

"ಭಾವ, ಸ್ವಲ್ಪ ನೀರು," ಅನ್ನುತ್ತಿದ್ದ ಎಡಗಾಲ.

"ಗೋಲಾಗೋವರೆಗೂ ನಾನು ನಿಂಗೆ ಭಾವ ಅಲ್ಲ," ಎನ್ನುತ್ತಾ ಗೋಡೆ ಲೋಟ ತುಂಬಿಸಿಕೊಡುತ್ತಿದ್ದ. ಅವನಿಗೂ ಹುಡುಗ ಇಷ್ಟವಾಗಿದ್ದ. ಆದರೆ ಕೊಟ್ಟ ಮಾತು ತಿನ್ನುವುದು ಹೇಗೆ?

ನಲವತ್ತನೆಯ ದಿನ ಆಕೆ ನನ್ನ ಮೇಜಿನೆದುರು ನಿಂತಳು. "ಸಾರ್, ಕ್ಯಾರಿಯರ್ ಹೊತ್ತೂ ಹೊತ್ತೂ ನನ್ನ ಕೈ ಬಿದ್ದುಹೋಯ್ತು. ನನ್ನ ಮದುವೆ ನಿಮ್ಮ ಕಪಾಟಲ್ಲಿ ಕೂತಿದೆ."

"ಕಡತ ಓಡ್ತಾ ಇದೆಯಮ್ಮ," ಎಂದೆ. ಆಕೆ ನನ್ನನ್ನು ನೋಡಿದ ನೋಟ ಯಾವ ನಮೂನೆಯಲ್ಲೂ ಬರೆಯುವಂಥದ್ದಲ್ಲ. ನನಗೂ ಸಂಕಟವಾಯಿತು.

ಮರುದಿನ, ಗುರುವಾರ, ಆದೇಶ ಬಂದೇ ಬಂತು. ಇಪ್ಪತ್ತು ಸೆಕೆಂಡು ಮಂಜೂರು; ಕಳೆದ ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆಯಿಂದ ಜಾರಿ. ಅಂದರೆ ಅದು ಮಂಗಳವಾರ ಹನ್ನೊಂದಕ್ಕೆ ಶುರುವಾಗಿ, ಅಲ್ಲೇ ಮುಗಿದೂ ಹೋಗಿತ್ತು. ಜೊತೆಗೊಂದು ಬಳಕೆ ಪ್ರಮಾಣಪತ್ರ. ಭರ್ತಿ ಮಾಡದಿದ್ದರೆ ಮುಂದಿನ ಫೈನಲ್ಲಿಗೆ ಎಂಬತ್ತೊಂಬತ್ತು ನಿಮಿಷ ನಲವತ್ತು ಸೆಕೆಂಡೇ ಗತಿ. ಪತ್ರದಲ್ಲಿ ಇದ್ದದ್ದು ಎರಡೇ ಚೌಕ: ಗೋಲು, ಗೋಲಲ್ಲ. ಬಳಕೆಯಾಗಿಲ್ಲ ಎಂಬ ಚೌಕ ಇರಲಿಲ್ಲ. ಮಂಜೂರಾದದ್ದು ಬಳಕೆಯಾಗದ ಉದಾಹರಣೆ ನಮ್ಮಲ್ಲಿಲ್ಲ.

ಯಾವ ಬೀದಿಗೂ ಸೇರದ ಸಾಕ್ಷಿಯೇ ಅದನ್ನು ಮೈದಾನದಲ್ಲಿ ತುಂಬಬೇಕು. ಪತ್ರ ಹಿಡಿದು ನಾನು ಅಲ್ಲಿಗೆ ಹೋದೆ. ಗ್ಯಾಲರಿಯಲ್ಲಿದ್ದವರೆಲ್ಲ ಮೇಲಿನವರು ಅಥವಾ ಕೆಳಗಿನವರು. ಮೂಲೆಯಂಗಡಿಯವಳು ಒಬ್ಬಳೇ, ಕ್ಯಾರಿಯರ್ ಹಿಡಿದು ನಿಂತಿದ್ದಳು.

ಆಕೆ ಕ್ಯಾರಿಯರನ್ನು ನನ್ನ ಕೈಗಿತ್ತು, ನನ್ನ ಪೆನ್ನನ್ನೇ ಕಿತ್ತುಕೊಂಡು, ಮೊದಲ ಚೌಕಕ್ಕೆ ಗುರುತು ಹಾಕಿದಳು. ರೆಫರಿ ಓದಿ ನೋಡಿ ಸೀಟಿ ಊದಿದರು. ಮೇಲುಬೀದಿಯವರು ಕುಣಿದರು, ಕೆಳಬೀದಿಯವರು ತಲೆ ಮೇಲೆ ಕೈ ಹೊತ್ತರು. ಮಾಲಿ ಚೆಂಡಿಲ್ಲದ ಬಲೆಯನ್ನು ಸರಿಪಡಿಸಿದ.

ಗೋಡೆ ಕಾಗದವನ್ನು ಮೂರು ಸಲ ಓದಿದ. "ಯಾವ ಕಡೆ ಹೋಯ್ತೇ?"

"ನಿನ್ನ ಎಡಕ್ಕಣ್ಣ."

"ಅದೇ ಮತ್ತೆ. ನಾನು ಬಲಕ್ಕೆ ಹಾರಿದ್ದೆ," ಎಂದು ಗ್ಲೌಸ್ ಬಿಚ್ಚಿ, ಎಡಗಾಲನನ್ನು ತಬ್ಬಿಕೊಂಡ. "ಒಳ್ಳೇ ಹೊಡೆತ ಮಾರಾಯ. ಕಾಣಿಸ್ಲೇ ಇಲ್ಲ."

ಮದುವೆ ಮುಂದಿನ ವಾರವೇ ಆಯಿತು. ಚೆಂಡು ಕಂಬಕ್ಕೆ ತಾಗಿ ಒಳಗೆ ಹೋಯಿತೋ ನೇರ ಹೋಯಿತೋ ಎಂದು ಎರಡೂ ಬೀದಿಯವರು ಊಟದ ಪಂಕ್ತಿಯಲ್ಲಿ ಜಗಳಾಡಿದರು. ಎರಡನ್ನೂ ಕಣ್ಣಾರೆ ಕಂಡವರಿದ್ದರು.

ಊಟದ ನಂತರ ಮದುಮಗ ನನ್ನನ್ನು ಮೈದಾನಕ್ಕೆ ಕರೆದೊಯ್ದ. ಚೆಂಡು ಇನ್ನೂ ಚುಕ್ಕೆಯ ಮೇಲೇ ಇತ್ತು.

"ಸಾರ್, ಒಂದೇ ಒಂದು ಸಲ ಒದೀಲಾ?"

"ಆಗ್ಲೇ ಒದ್ದಿದ್ದೀಯಲ್ಲಪ್ಪ," ಎಂದೆ. "ಎರಡನೇ ಸಲ ಒದ್ರೆ ಫೌಲು."

ಹೌದಲ್ಲ ಎಂದು ಅವನು ಎತ್ತಿದ ಕಾಲನ್ನು ಇಳಿಸಿದ. ವಾಪಸು ಬರುವಾಗ ಆ ಕಾಲು ಸ್ವಲ್ಪ ನೋಯುತ್ತಿದೆ ಅಂದ. ಅಂಥ ಹೊಡೆತಕ್ಕೆ ನೋಯದೆ ಇರುತ್ತದೆಯೇ?