ಕೆಂಪು ನಾಬಿನ ಮಹಿಮೆ

"ಶಶಿ, ನನ್ನ ವಾಯ್ಸ್ ಒಂಚೂರು ಮುಂದೆ ತರ್ತೀಯಾ?" ಎಂದು ಚಂದ್ರಾವತಿ ಆಂಟಿ ಕೇಳಿದ್ದೇ ಎಲ್ಲ ತಾಪತ್ರಯಕ್ಕೂ ಮೂಲ.

ಅಮೆರಿಕದ ನಾರ್‌ಕ್ರಾಸ್‌ನಲ್ಲಿ ಶಶಿಕಾಂತನ ಮನೆಯ ಬೇಸ್‌ಮೆಂಟೇ ಅವನ ರೆಕಾರ್ಡಿಂಗ್ ಸ್ಟುಡಿಯೋ. ಹಾಡಿನಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ತನ್ನ ಕಿವಿಗೆ ಗೊತ್ತಾಗುತ್ತದೆ, ಕೋಣೆಯಲ್ಲಿ ಒಂದು ಡಿಗ್ರಿ ಶೆಕೆ ಏರಿದರೂ ಮೈಗೆ ಗೊತ್ತಾಗುತ್ತದೆ ಎಂಬುದು ಅವನ ಹೆಮ್ಮೆ. ಆ ಬೆಳಿಗ್ಗೆಯೂ ಗೋಡೆಯಲ್ಲಿದ್ದ ಏಸಿಯ ಥರ್ಮೋಸ್ಟ್ಯಾಟನ್ನು ಒಂದು ಡಿಗ್ರಿ ಇಳಿಸಿ, "ಹಾಂ, ಈಗ ತಣ್ಣಗಾಯ್ತು" ಎಂದು ಕುರ್ಚಿಗೆ ಒರಗಿದ್ದ. ಸ್ಟುಡಿಯೋಗೆ ಆ ವರ್ಷ ಬಂದಿದ್ದ ದೊಡ್ಡ ಕೆಲಸ ಒಂದೇ, ಕನ್ನಡ ಸಂಘದ ರಾಜ್ಯೋತ್ಸವದ ಹಾಡು. ಮೂವರು ಗಾಯಕರೂ ಅದನ್ನು ಇವತ್ತು ಒಪ್ಪದಿದ್ದರೆ ಬೇಸ್‌ಮೆಂಟು ಹೆಂಡತಿ ಶ್ರೀದೇವಿಯ ಯೋಗ ಕ್ಲಾಸಿಗೆ ಎಂದು ಮನೆಯಲ್ಲಿ ಕರಾರಾಗಿತ್ತು.

ಆಂಟಿಯ ದನಿ ಏರಿಸಿದ. ಕೂಡಲೇ ಸಂಘದ ಅಧ್ಯಕ್ಷ ದೂಮಪ್ಪ ಅಂಕಲ್ ಮುಖ ಸಿಂಡರಿಸಿದರು.

"ಎಂತದು ಮಾರಾಯಾ? ನಾನು ಹೊರಗೆ ಪಾರ್ಕಿಂಗ್ ಲಾಟ್‌ನಲ್ಲಿ ನಿಂತು ಹಾಡಿದ ಹಾಗೆ ಕೇಳ್ತದೆ!"

ಅವರದನ್ನೂ ಏರಿಸಿದ. ಮೂರನೆಯ ಗಾಯಕಿ ಮೈಥಿಲಿ ಹೆಡ್‌ಫೋನ್ ತೆಗೆದಿಟ್ಟಳು. "ಸೀರಿಯಸ್ಲಿ ಶಶಿ, ನಾನು ಈ ಹಾಡಲ್ಲಿ ಇದ್ದೀನಾ?"

ಮಧ್ಯಾಹ್ನದ ಹೊತ್ತಿಗೆ ಮೂರೂ ದನಿಗಳು ಒಂದನ್ನೊಂದು ತಳ್ಳಿಕೊಂಡು ಮಾಡಿಗೆ ಮುಟ್ಟಿದ್ದವು. ತಬಲಾ ಮಾತ್ರ ಮದುವೆಮನೆಯಲ್ಲಿ ಕಳೆದುಹೋದ ಚಪ್ಪಲಿಯ ಹಾಗೆ ಎಲ್ಲಿ ಹುಡುಕಿದರೂ ಸಿಗಲಿಲ್ಲ.

ಶಶಿಕಾಂತ ಸದ್ದಿಲ್ಲದೆ ಎಲ್ಲವನ್ನೂ ಬೆಳಿಗ್ಗೆ ಇದ್ದ ಮಟ್ಟಕ್ಕೇ ತಂದಿಟ್ಟ. ಆಮೇಲೆ ಮೇಜಿನಡಿಯಿಂದ ಒಂದು ಕೆಟ್ಟುಹೋದ ಹಳೆಯ ಸೌಂಡ್ ಮಿಕ್ಸರ್ ಎಳೆದ. ಅದರ ವೈರು ಯಾವುದಕ್ಕೂ ಸೇರಿರಲಿಲ್ಲ. ಮಧ್ಯದಲ್ಲೊಂದು ಕೆಂಪು ನಾಬ್ ಮಾತ್ರ ಲಕ್ಷಣವಾಗಿತ್ತು.

"ಇದು ಸ್ಪೆಷಲ್. ಎಲ್ಲರಿಗೂ ತೆಗೆಯೋದಿಲ್ಲ" ಎಂದು, ಉಸಿರು ಬಿಗಿಹಿಡಿದು ನಾಬನ್ನು ತುಸು ತಿರುಗಿಸಿದ.

"ಅಬ್ಬಾ!" ಎಂದರು ಆಂಟಿ. "ಈಗ ನೋಡು, ಜೇನುತುಪ್ಪ ಸುರಿದ ಹಾಗಿದೆ!"

ಅಂಕಲ್‌ಗೆ ಇನ್ನಷ್ಟು ತಿರುಗಿಸಿದ. "ಇದು! ಇದೇ ನನ್ನ ಸ್ವರ!" ಮೈಥಿಲಿಯ ಕಣ್ಣಲ್ಲಿ ನೀರೇ ಬಂತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಂಟಿ ಬಗ್ಗಿ, ತಾವೇ ಇನ್ನೊಂದು ಸುತ್ತು ತಿರುಗಿಸಿದರು.

"ಏಯ್ ಚಂದ್ರಾವತಿ, ನಾನು ಪೂರ್ತಿ ಮಾಯ ಆದೆ!" ಅಂಕಲ್ ನಾಬನ್ನು ಹಿಂದಕ್ಕೆ ತಿರುವಿದರು.

"ಅಂಕಲ್, ಇಬ್ಬರೂ ಸೇರಿ ನನ್ನನ್ನ ಮುಳುಗಿಸ್ತಾ ಇದ್ದೀರಿ!" ಮೈಥಿಲಿಯೂ ಕೈಹಾಕಿದಳು. ಮೂರು ಕೈಗಳ ಜಗ್ಗಾಟದಲ್ಲಿ ನಾಬ್ ಕಿತ್ತು ಬಂದು, ಅಂಕಲ್ ಅಂಗೈಯಲ್ಲಿ ಹಣ್ಣಾದ ಬೋರೆಯಂತೆ ಕೂತಿತು.

ಹಾಡು ತನ್ನ ಪಾಡಿಗೆ ಮೊದಲಿನಂತೆಯೇ ಹರಿಯುತ್ತಿತ್ತು.

"ಹೋಯ್ತು! ಹಾಡಿನ ಜೀವವೇ ಹೋಯ್ತು!" ಎಂದಳು ಮೈಥಿಲಿ.

"ತಗಡು ಬಡಿದ ಹಾಗೆ ಕೇಳ್ತದೆ. ಬೇರೆ ಸ್ಟುಡಿಯೋ ನೋಡುವ" ಎಂದು ಅಂಕಲ್ ಕಾರಿನ ಕೀ ತೆಗೆದರು. ನಿಜ ಹೇಳಿದರೆ ಶಶಿಕಾಂತನ ಮಾನ ಹೋಗುತ್ತದೆ, ಹೇಳದಿದ್ದರೆ ಬೇಸ್‌ಮೆಂಟು ಹೋಗುತ್ತದೆ.

ಅಷ್ಟರಲ್ಲಿ ಚಹಾ ತಂದ ಶ್ರೀದೇವಿ, ನೆಲದಲ್ಲಿ ಅನಾಥವಾಗಿ ಬಿದ್ದಿದ್ದ ವೈರನ್ನು ನೋಡಿದಳು. ಗಂಡನ ಮುಖವನ್ನೂ ನೋಡಿದಳು. ಏನೂ ಕೇಳದೆ ನಾಬನ್ನು ಇಸಿದುಕೊಂಡು ಮತ್ತೆ ಸಿಕ್ಕಿಸಿ, ದೇವರಿಗೆ ದೀಪ ಹಚ್ಚುವಷ್ಟು ನಿಧಾನವಾಗಿ ತಿರುಗಿಸಿದಳು.

"ಈಗ ಕೇಳಿ ಅಂಕಲ್."

ಮೂವರೂ ಕೇಳಿದರು. ಮೂವರೂ ತಲೆದೂಗಿದರು. ಹಾಡು ಪಾಸಾಯಿತು.

"ಮುಂದಿನ ಹಾಡೂ ಇಲ್ಲಿಯೇ" ಎಂದರು ಅಂಕಲ್ ಬಾಗಿಲಲ್ಲಿ. "ಆದರೆ ನಾಬ್ ಶ್ರೀದೇವಿಯೇ ತಿರುಗಿಸಲಿ. ನಿನ್ನ ಕೈ ಸ್ವಲ್ಪ ಒರಟು ಮಾರಾಯಾ."

ಅವರ ಕಾರು ಹೋದದ್ದೇ ಶಶಿಕಾಂತ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡಿದ್ಯಾ? ವೈರೇ ಇಲ್ಲದ ನಾಬ್! ಜನಕ್ಕೆ ತಮ್ಮ ಕಿವಿ ಮೇಲೇ ನಂಬಿಕೆ ಇಲ್ಲ ಕಣೇ." ಬೆವರು ಒರೆಸಿಕೊಂಡು ಥರ್ಮೋಸ್ಟ್ಯಾಟನ್ನು ಎರಡು ಡಿಗ್ರಿ ಇಳಿಸಿದ. "ಹಾಂ! ಈಗ ನೋಡು, ಎಷ್ಟು ತಣ್ಣಗಾಯ್ತು."

ಶ್ರೀದೇವಿ ಖಾಲಿ ಲೋಟಗಳನ್ನು ಜೋಡಿಸುತ್ತ ಹೇಳಿದಳು: "ಆ ಥರ್ಮೋಸ್ಟ್ಯಾಟ್ ವೈರ್ ಬಿಚ್ಚಿಸಿ ಎರಡು ವರ್ಷ ಆಯ್ತು ರೀ. ಮೊದಲು ನೀವು ಇಲ್ಲಿ ಇಳಿಸಿದಾಗಲೆಲ್ಲ ಇಡೀ ಮನೆ ತಣ್ಣಗಾಗಿ, ಮೇಲೆ ನಾನು ಸ್ವೆಟರ್ ಹಾಕ್ಕೊಂಡು ಒಗ್ಗರಣೆ ಹಾಕ್ಬೇಕಿತ್ತು. ನಂಬರ್ ಕಾಣ್ತಿರ್ಲಿ ಅಂತ ಬ್ಯಾಟರಿ ಮಾತ್ರ ಬದಲಾಯಿಸ್ತಾ ಇರ್ತೀನಿ."

ಅವಳು ಮೆಟ್ಟಿಲೇರಿ ಹೋದಳು. ಶಶಿಕಾಂತನ ಅಂಗಿ ಎರಡೇ ಕ್ಷಣದಲ್ಲಿ ಬೆನ್ನಿಗಂಟಿತು. ಎರಡು ವರ್ಷದ ಶೆಕೆಯೆಲ್ಲ ಒಟ್ಟಿಗೇ ಬಂದು ಮೈಮೇಲೆ ಕೂತಂತಾಯಿತು. ಅವನು ಥರ್ಮೋಸ್ಟ್ಯಾಟನ್ನೇ ದಿಟ್ಟಿಸಿದ. ಆಮೇಲೆ, ಮೇಲಿನಿಂದ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಇನ್ನೊಂದು ಡಿಗ್ರಿ ಇಳಿಸಿದ.