ಮಿಠಾಯಿಯ ತೂಕ

ಎಲ್ಲಕ್ಕೂ ಮೂಲ ಒಂದು ಬನ್ನು.

ತಿಂಗಳ ಹಿಂದೆ ಸವಾರಿ ಶಾಲೆಯ ಕ್ಯಾಂಟೀನಿನ ಅಡುಗೆಯವನು ಅದನ್ನು ಲಾಯದ ಅರ್ಧಬಾಗಿಲ ಮೇಲಿಂದ ಚಾಚಿದಾಗ ಹುಲ್ಲಪ್ಪ "ಬೇಡ" ಅಂದುಬಿಟ್ಟಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು. ಆದರೆ ಹುಲ್ಲಪ್ಪನಿಗೆ ಹುಟ್ಟಿದಂದಿನಿಂದ ಬಾರದ ಮಾತು ಅದೊಂದೇ. ಮನೆಯಲ್ಲಿರುವ ಮೂರು ಹಳೇ ಕೊಡೆ, ಎರಡು ಕೆಟ್ಟ ಫ್ಯಾನು, ಒಂದು ಕುಂಟು ಬೆಕ್ಕು, ಇಷ್ಟೂ ಹಾಗೇ ಬಂದವು ಎಂದು ಅವನ ಹೆಂಡತಿ ಹೇಳುತ್ತಾಳೆ.

ಹುಲ್ಲಪ್ಪ ಅವನ ನಿಜವಾದ ಹೆಸರಲ್ಲ. ಒಂಬತ್ತು ವರ್ಷದಿಂದ ಲಾಯ ನೋಡಿಕೊಳ್ಳುತ್ತಿದ್ದ ಅವನಿಗೆ ಆ ಹೆಸರು ಬಿದ್ದದ್ದು ಮಿಠಾಯಿ ಎಂಬ ಕಂದು ಹೆಣ್ಣುಕುದುರೆಗೆ ಪಥ್ಯ ಶುರುವಾದ ದಿನ. ಮಿಠಾಯಿ ಹೆಸರಿಗೆ ತಕ್ಕಂತೆ ಬೆಳೆದಿದ್ದಳು. ಜೀನಿನ ಪಟ್ಟಿ ಕೊನೆಯ ತೂತಿಗೂ ಎಟುಕುತ್ತಿರಲಿಲ್ಲ. ಡಾಕ್ಟರಮ್ಮ ಬಂದು ಗೊರಸು ಮುಟ್ಟಿ ನೋಡಿ, "ಕಾಳು, ಬ್ರೆಡ್ಡು, ಸಕ್ಕರೆ ಎಲ್ಲಾ ಇವತ್ತಿಗೆ ಬಂದ್. ಹುಲ್ಲು ತಿನ್ನೋಕೆ ಹುಟ್ಟಿದ ಪ್ರಾಣಿಗೆ ಹುಲ್ಲು ಹಾಕಿ" ಎಂದರು. ಏಳು ನಿಯಮಗಳ ಚೀಟಿಯೊಂದನ್ನು ಬಾಗಿಲಿಗೆ ಅಂಟಿಸಿದರು. ಹುಲ್ಲಪ್ಪ ಆರನ್ನು ಬಾಯಿಪಾಠ ಮಾಡಿದ. ಏಳನೆಯದು ಸವಾರನಿಗೆ ಸಂಬಂಧಪಟ್ಟಿದ್ದು. ಆಗ ಅವಳಿಗೆ ಸವಾರನೇ ಇರಲಿಲ್ಲವಾದ್ದರಿಂದ ಓದದೆ ಬಿಟ್ಟ.

ಶಾಲೆಯ ಯಜಮಾನಿ ಮಾತು ಕೊಟ್ಟಿದ್ದರು. ತಿಂಗಳಲ್ಲಿ ಹತ್ತು ಕಿಲೋ ಇಳಿದರೆ ಮಿಠಾಯಿ ಮಕ್ಕಳ ತರಗತಿಗೆ, ಅವಳ ಮೇಲೆ ಕೂತು ಪಾಠ ಹೇಳುವ ಮೇಷ್ಟ್ರು ಹುಲ್ಲಪ್ಪ. ಇಳಿಯದಿದ್ದರೆ ಮಿಠಾಯಿ ಬೇರೆ ಊರಿಗೆ. ಒಂಬತ್ತು ವರ್ಷ ಕುದುರೆಯ ಹಿಂದೆ ನಿಂತು ಲದ್ದಿ ಬಾಚಿದವನಿಗೆ ಒಮ್ಮೆಯಾದರೂ ಮೇಲೆ ಕೂತು ಲೋಕ ನೋಡುವ ಆಸೆ.

ಇವತ್ತು ಮೂವತ್ತನೆಯ ದಿನ. ಸಂಜೆ ನಾಲ್ಕಕ್ಕೆ ತೂಕ.

ಬೆಳಿಗ್ಗೆ ಪ್ಯಾಂಟಿನ ಗುಂಡಿ ಹಾಕಲು ಹೆಣಗುತ್ತಾ ಹುಲ್ಲಪ್ಪ ಹೆಂಡತಿಯ ಮೇಲೆ ರೇಗಿದ. "ಒಗೆದೂ ಒಗೆದೂ ಬಟ್ಟೆನೆಲ್ಲಾ ಕುಗ್ಗಿಸ್ಬಿಟ್ಟೆ ನೋಡು!"

"ನನ್ನ ಬಟ್ಟೆನೂ ಅದೇ ನೀರಲ್ಲೇ ಒಗೆಯೋದು. ಅದ್ಯಾಕೆ ಕುಗ್ಗಲ್ಲ?" ಎಂದು ಅವಳು ಊಟದ ಡಬ್ಬಿ ಕೈಗಿಟ್ಟಳು. "ಪೂರ್ತಿ ತಿನ್ನಿ. ಕುದುರೆ ಕಾಯ್ತಾ ಉಪವಾಸ ಬೀಳ್ಬೇಡಿ."

ಲಾಯದಲ್ಲಿ ಅವನು ನೀರಲ್ಲಿ ನೆನೆಸಿಟ್ಟಿದ್ದ ಒಣಹುಲ್ಲನ್ನು ಹಿಂಡಿ ಸಣ್ಣ ಕಣ್ಣಿನ ಬಲೆಗಳಲ್ಲಿ ತುಂಬಿದ. ನಾಲ್ಕು ಬಲೆಯನ್ನು ನಾಲ್ಕು ಮೂಲೆಗೆ ಕಟ್ಟಿದ. ತಿನ್ನಬೇಕಾದರೆ ನಡೆಯಬೇಕು, ಒಂದೊಂದೇ ಎಳೆ ಜಗ್ಗಬೇಕು. ಕುದುರೆಯ ಹೊಟ್ಟೆ ಅದರ ಮೈಗೆ ಹೋಲಿಸಿದರೆ ತೀರ ಚಿಕ್ಕದಂತೆ, ಒಮ್ಮೆಗೇ ತುಂಬಬಾರದಂತೆ, ಖಾಲಿಯೂ ಬಿಡಬಾರದಂತೆ. ಅಗಿದರೆ ಮಾತ್ರ ಬಾಯಲ್ಲಿ ಜೊಲ್ಲು ಊರುತ್ತದಂತೆ, ಆ ಜೊಲ್ಲೇ ಹೊಟ್ಟೆಗೆ ತಂಪಂತೆ. ಹುಲ್ಲಪ್ಪನಿಗೆ ಇದೆಲ್ಲ ದೊಡ್ಡ ಸೋಜಿಗ. ಮೊದಲ ವಾರ ಬಕೆಟ್ ಬೋರಲು ಹಾಕಿ ಕೂತು ಅವಳು ನಿಮಿಷಕ್ಕೆ ಎಷ್ಟು ಸಲ ಅಗಿಯುತ್ತಾಳೆ ಎಂದು ಎಣಿಸಿದ್ದ. ಅರವತ್ತು ದಾಟಿತ್ತು. ಇಷ್ಟು ಮೈಮರೆತು ಸವಿಯುತ್ತಾಳಲ್ಲ, ರುಚಿಯಾದರೂ ಏನು ಎಂದು ತಾನೂ ಒಂದೆಳೆ ಬಾಯಿಗಿಟ್ಟಿದ್ದ. ಚಾಪೆ ತಿಂದ ಹಾಗಾಗಿ ಉಗಿದಿದ್ದ.

ಅಷ್ಟರಲ್ಲಿ ಅಡುಗೆಯವನ ತಲೆ ಕಾಣಿಸಿತು. ಪೊರಕೆಯಿಂದ ಉದುರಿದ ಕಡ್ಡಿಯಂತಿದ್ದ ಅವನನ್ನು ಎಲ್ಲರೂ ಕಡ್ಡಿ ಅಂತಲೇ ಕರೆಯುತ್ತಿದ್ದರು. ಇವತ್ತು ಕೈಯಲ್ಲಿ ಒಂದು ಬನ್ನಲ್ಲ, ಒಂದು ತಟ್ಟೆ ಬನ್ನು.

"ಕೊನೇ ದಿನ ಅಲ್ವಾ ಅಣ್ಣ, ಪಾಪ. ಬಾಯಿಲ್ಲದ ಜೀವ. ಹುಲ್ಲು ತಿಂದು ಬದುಕೋಕಾಗುತ್ತಾ?"

"ಅವಳು ಕುದುರೆ ಕಣೋ."

"ಕುದುರೆ ಆದ್ರೇನು, ನಾಲಿಗೆ ಇಲ್ವಾ?"

"ಕೊಡು, ನಾನೇ ತಿನ್ನಿಸ್ತೀನಿ" ಎಂದ ಹುಲ್ಲಪ್ಪ. ಮೂವತ್ತು ದಿನದಿಂದ ಅವನು ಹೇಳುತ್ತಿದ್ದುದು ಇದೇ ಮಾತು. ಕೊಟ್ಟವರಿಗೆ ಸಮಾಧಾನ, ಕುದುರೆಗೆ ಪಥ್ಯ. ಬನ್ನಿನ ಗತಿ? ಬಿಸಾಡಿದರೆ ಇಲಿ ಬರುತ್ತದೆ, ಕಸದಬುಟ್ಟಿಗೆ ಹಾಕಿದರೆ ಕಡ್ಡಿಯ ಕಣ್ಣಿಗೆ ಬೀಳುತ್ತದೆ. ಮೇಲಾಗಿ ಹುಲ್ಲಪ್ಪ ಏಳು ಮಕ್ಕಳ ಮನೆಯಲ್ಲಿ ಆರನೆಯವನು. ತಟ್ಟೆಯಲ್ಲಿ ಚೂರು ಬಿಟ್ಟರೆ ಅಪ್ಪ ತಲೆಗೆ ಮೊಟಕುತ್ತಿದ್ದ. ಹಾಗಾಗಿ ಉಳಿದಿದ್ದು ಒಂದೇ ದಾರಿ, ಅದು ಅವನ ಗಂಟಲಿನ ಮೂಲಕ ಹೋಗುತ್ತಿತ್ತು.

ನಾಲ್ಕನೆಯ ಬನ್ನು ನುಂಗುವಾಗ ಹತ್ತು ಗಂಟೆ. ಆಫೀಸಿನ ಗುಮಾಸ್ತೆ ಅಕ್ಕ ಕೆನೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದಳು. "ನಿನ್ನೆ ಕೊಟ್ಟಿದ್ದು ತಿಂದ್ಲಾ?"

"ಚಪ್ಪರಿಸ್ಕೊಂಡು ತಿಂದ್ಲು."

"ನಂಗೊತ್ತಿತ್ತು. ಆ ಕೆನೆ ಅಂದ್ರೆ ಪ್ರಾಣ ಅವಳಿಗೆ. ನೋಡು, ಕಣ್ಣಲ್ಲೇ ಕೇಳ್ತಿದಾಳೆ."

ಮಿಠಾಯಿ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಮೂಲೆಯ ಬಲೆಗೆ ಹೊರಟಿದ್ದಳು.

ಹನ್ನೆರಡಕ್ಕೆ ಗೇಟಿನ ಕಾವಲು ತಾತ ಒಂದು ಚೀಲ ಗಜ್ಜರಿ ತಂದ. ತಾತ ಕಿಲಾಡಿ. "ನಾನು ಕಣ್ಣಾರೆ ನೋಡ್ಬೇಕು. ನೀನು ತಿನ್ನಿಸು, ಇಲ್ಲೇ ನಿಂತಿರ್ತೀನಿ" ಎಂದ.

ಹುಲ್ಲಪ್ಪ ಚೀಲ ಕಸಿದುಕೊಂಡ. "ನೀವು ನೋಡ್ತಿದ್ರೆ ನಾಚ್ಕೋತಾಳೆ ತಾತ. ಬಾಗಿಲಾಚೆ ನಿಂತು ಕೇಳಿಸ್ಕೊಳ್ಳಿ."

ಮೇಲಿನ ಬಾಗಿಲನ್ನೂ ಎಳೆದುಕೊಂಡು, ಮೇವಿನ ತೊಟ್ಟಿಯ ಕೆಳಗೆ ಕುಕ್ಕರಿಸಿ, ಅವನು ಗಜ್ಜರಿ ಕಡಿಯತೊಡಗಿದ. ಕಟಂ, ಕಟಂ, ಕಟಂ.

"ಆಹಾ! ಏನು ಹಲ್ಲು! ಏನು ಸದ್ದು!" ಆಚೆಯಿಂದ ತಾತ ತಲೆದೂಗಿದ. "ಇನ್ನೊಂದು ಹಾಕು ಮಗ!"

ಒಂಬತ್ತು ಗಜ್ಜರಿ. ದವಡೆ ಜೋತುಬಿತ್ತು. ಮಿಠಾಯಿ ಅಗಿಯುವುದನ್ನೇ ನಿಲ್ಲಿಸಿ, ಕಿವಿ ನಿಮಿರಿಸಿ, ಇವನನ್ನೇ ಕುತೂಹಲದಿಂದ ನೋಡುತ್ತಿದ್ದಳು. ಬಹುಶಃ ಅವಳೂ ಎಣಿಸುತ್ತಿದ್ದಳು.

ಆಮೇಲೆ ಮನೆಯ ಡಬ್ಬಿ. ಅದನ್ನು ಉಳಿಸಿಕೊಂಡು ಹೋದರೆ ಹೆಂಡತಿಯ ವಿಚಾರಣೆ, ಪೊಲೀಸರ ವಿಚಾರಣೆ ಎರಡೂ ಒಂದೇ. ಅದೂ ಖಾಲಿಯಾಯಿತು. ಎರಡು ಗಂಟೆಗೆ ಪ್ಯಾಂಟಿನ ಗುಂಡಿ ಕಿತ್ತು ಹುಲ್ಲಿನೊಳಗೆ ಎಲ್ಲೋ ಹೋಯಿತು. ಕುದುರೆ ನುಂಗಿಬಿಟ್ಟೀತೆಂದು ಅವನು ಮಂಡಿಯೂರಿ ಅರ್ಧ ಗಂಟೆ ಹುಡುಕಿ ತೆಗೆದ. ಹೊರೆ ಕಟ್ಟುವ ಹಗ್ಗದಿಂದ ಸೊಂಟ ಬಿಗಿದುಕೊಂಡ.

ನಾಲ್ಕಕ್ಕೆ ಎಲ್ಲರೂ ಅಂಗಳದಲ್ಲಿ ಸೇರಿದರು. ಮೂಟೆ ತೂಗುವ ದೊಡ್ಡ ಹಲಗೆ ಅಲ್ಲಿತ್ತು. ಆ ಹಲಗೆಯ ಗಡಗಡ ಸದ್ದಿಗೆ ಮಿಠಾಯಿ ಹೆದರುತ್ತಿದ್ದಳು. ಹುಲ್ಲಪ್ಪ ಜೊತೆಗೆ ನಿಂತರೆ ಮಾತ್ರ ಕಾಲಿಡುವಳು. ಅದಕ್ಕೇ ಇಬ್ಬರನ್ನೂ ಒಟ್ಟಿಗೆ ತೂಗಿ, ಪಥ್ಯ ಶುರುವಾದ ದಿನ ತೂಗಿ ಹಾಜರಿ ಪುಸ್ತಕದಲ್ಲಿ ಬರೆದಿದ್ದ ಅವನ ಅರವತ್ತು ಕಿಲೋ ಕಳೆಯುವುದು ಅಲ್ಲಿನ ಪದ್ಧತಿ.

"ಹೋದ ತಿಂಗಳು ಇಬ್ಬರದೂ ಸೇರಿ ಐನೂರ ತೊಂಬತ್ತು. ಕುದುರೆ ಐನೂರ ಮೂವತ್ತು" ಎಂದು ಡಾಕ್ಟರಮ್ಮ ಓದಿದರು. ಮುಳ್ಳು ತೂಗಾಡಿ ನಿಂತಿತು.

ಐನೂರ ತೊಂಬತ್ತು.

"ಒಂದು ಕಿಲೋನೂ ಇಳಿದಿಲ್ಲ" ಎಂದರು ಯಜಮಾನಿ. "ನಾಳೆನೇ ಲಾರಿ ಹೇಳ್ತೀನಿ."

ಹುಲ್ಲಪ್ಪ ಮಿಠಾಯಿಯ ಹಗ್ಗ ಬಿಗಿಹಿಡಿದ. "ಅಮ್ಮಾ, ಹುಲ್ಲು ಬಿಟ್ಟು ಒಂದು ಕಾಳೂ ಕೊಟ್ಟಿಲ್ಲ!"

ಆಗ ಗುಮಾಸ್ತೆ ಅಕ್ಕ ಬಿಕ್ಕಿದಳು. "ತಪ್ಪು ನಂದೇ. ದಿನಾ ಬಿಸ್ಕತ್ತು ಕೊಟ್ಟೆ."

"ನಿಂದೇನು ಮಹಾ, ನಾನು ಬನ್ನು ಕೊಟ್ಟೆ" ಎಂದ ಕಡ್ಡಿ.

"ಇವತ್ತು ಒಂಬತ್ತು ಗಜ್ಜರಿ ತಿಂದ್ಲು. ಈ ಕಿವಿಯಾರೆ ಕೇಳಿದೀನಿ" ಎಂದ ತಾತ.

ಡಾಕ್ಟರಮ್ಮನ ಹುಬ್ಬು ಗಂಟಾಯಿತು. ಅವರು ಬಗ್ಗಿ ಗೊರಸು ಮುಟ್ಟಿದರು, ತಣ್ಣಗಿತ್ತು. ಪಕ್ಕೆ ಒತ್ತಿದರು, ಎಲುಬು ಬೆರಳಿಗೆ ಸಿಕ್ಕಿತು. "ಇಷ್ಟು ಸಕ್ಕರೆ ತಿಂದಿದ್ರೆ ಗೊರಸು ಉರಿ ಎದ್ದು ಇವಳು ನಿಲ್ಲೋಕೇ ಆಗ್ತಿರ್ಲಿಲ್ಲ. ಇವಳಂತೂ ತಿಂದಿಲ್ಲ. ಹಾಗಾದ್ರೆ ಅದೆಲ್ಲಾ ಎಲ್ಲಿಗೆ ಹೋಯ್ತು?"

ಎಲ್ಲರ ಕಣ್ಣೂ ಮೆಲ್ಲಗೆ ಕುದುರೆಯಿಂದ ಸರಿದು, ಹಗ್ಗ ಬಿಗಿದಿದ್ದ ಸೊಂಟದ ಮೇಲೆ ನಿಂತವು.

"ಇವನೊಬ್ಬನನ್ನೇ ಹತ್ತಿಸಿ" ಎಂದರು ಡಾಕ್ಟರಮ್ಮ.

ಎಪ್ಪತ್ತೆರಡು.

ಗುಮಾಸ್ತೆ ಅಕ್ಕ ಬೆರಳಲ್ಲಿ ಲೆಕ್ಕ ಹಾಕಿದಳು. "ಅಂದ್ರೆ ಕುದುರೆ ಐನೂರ ಹದಿನೆಂಟು. ಹನ್ನೆರಡು ಇಳಿದಿದಾಳೆ!"

ಚಪ್ಪಾಳೆ ಬಿತ್ತು. ಹುಲ್ಲಪ್ಪ ಮಿಠಾಯಿಯ ಕುತ್ತಿಗೆ ತಬ್ಬಿಕೊಂಡ. ಯಜಮಾನಿ ನಕ್ಕು, "ಆಡಿದ ಮಾತಿಗೆ ತಪ್ಪಲ್ಲ. ಜೀನು ತನ್ನಿ, ಈಗಲೇ ಒಂದು ಸುತ್ತು ನೋಡೋಣ" ಎಂದರು. ಜೀನು ಬಂತು. ಪಟ್ಟಿ ಎರಡನೆಯ ತೂತಿಗೇ ಬಿತ್ತು. ಹುಲ್ಲಪ್ಪ ಒಂಬತ್ತು ವರ್ಷದ ಉಸಿರು ಎಳೆದುಕೊಂಡು ಜೀನಿಗೆ ತೂಗುವ ರಿಕಾಪಿಗೆ ಕಾಲಿಟ್ಟ.

"ಇಳೀರಿ" ಎಂದರು ಡಾಕ್ಟರಮ್ಮ. "ಏಳನೇ ನಿಯಮ ಓದಿಲ್ವಾ? ಸವಾರನ ತೂಕ ಅರವತ್ತೈದು ಮೀರೋ ಹಾಗಿಲ್ಲ. ತಿಂಗಳಿಡೀ ಹಗುರ ಮಾಡಿದ ಕುದುರೆ ಮೇಲೆ ಬನ್ನಿನ ಮೂಟೆ ಹೇರಕ್ಕಾಗುತ್ತಾ?"

ಯಜಮಾನಿ ಸುತ್ತ ನೋಡಿದರು. ತಾತನಿಗೆ ಮಂಡಿನೋವು. ಗುಮಾಸ್ತೆ ಅಕ್ಕ "ನನ್ನ ತೂಕ ಯಾರೂ ಕೇಳ್ಬೇಡಿ" ಎಂದು ಆಫೀಸಿಗೆ ಓಡಿದಳು. ಉಳಿದವನು ಕಡ್ಡಿ. ಐವತ್ತೊಂದು ಕಿಲೋ, ಬೂಟು ಸೇರಿ.

"ನಂಗೆ ಕುದುರೆ ಗೊತ್ತಿಲ್ಲ ಅಮ್ಮಾ!"

"ಹುಲ್ಲಪ್ಪನಿಗೆ ಗೊತ್ತಲ್ಲ. ಅವನು ಕೆಳಗೆ ನಡೀತಾ ಹೇಳಿಕೊಡ್ತಾನೆ."

ಹೀಗೆ ಆ ಸಂಜೆ ಮೇಷ್ಟ್ರಾದ ಕಡ್ಡಿ ಮಿಠಾಯಿಯ ಮೇಲೆ ಕೂತು ಲೋಕ ನೋಡಿದ. ಹುಲ್ಲಪ್ಪ ಹಗ್ಗ ಹಿಡಿದು ಮುಂದೆ ನಡೆದ. ಡಾಕ್ಟರಮ್ಮ ಚೀಟಿಯಲ್ಲಿ ಎಂಟನೆಯ ನಿಯಮವೊಂದನ್ನು ಬರೆಯುತ್ತಿದ್ದರು, ಅದು ಕುದುರೆಯದಲ್ಲ.

"ಅಣ್ಣ, ಸ್ವಲ್ಪ ನಿಧಾನ" ಎಂದ ಮೇಲಿನಿಂದ ಕಡ್ಡಿ. "ಇಲ್ಲಿಂದ ಕ್ಯಾಂಟೀನ್ ಹೆಂಚೂ ಕಾಣುತ್ತೆ ಗೊತ್ತಾ? ಇನ್ಮೇಲೆ ನಿಮಗೆ ಬನ್ನು ಕೊಡ್ಬಾರ್ದು ಅಂತ ಡಾಕ್ಟರಮ್ಮ ಹೇಳಿದಾರೆ. ಬೇಜಾರಾಗ್ಬೇಡಿ."

ಎರಡನೆಯ ಸುತ್ತಿಗೆ, ಮೂವತ್ತು ದಿನದ ಅಭ್ಯಾಸದಂತೆ, ಹುಲ್ಲಪ್ಪನ ಹೊಟ್ಟೆ ಐದು ಗಂಟೆಯ ಬನ್ನು ಕೇಳಿತು. ಮಿಠಾಯಿ ಮೂತಿ ಚಾಚಿ ಅವನ ಅಂಗೈ ಮೂಸಿದಳು. ಅವಳ ತುಟಿಗೆ ಅಂಟಿದ್ದ ಒಂದೆಳೆ ಹುಲ್ಲು ಕೈಯಲ್ಲೇ ಉಳಿಯಿತು. ಅತ್ತಿತ್ತ ನೋಡಿ ಅವನು ಅದನ್ನು ಬಾಯಿಗಿಟ್ಟುಕೊಂಡ.

ಈ ಸಲ ಉಗಿಯಲಿಲ್ಲ. ಅಗಿಯುತ್ತಾ ಎಣಿಸತೊಡಗಿದ.